ಸಿಸೇರಿಯನ್ ಗಾಯ ಬೇಗ ವಾಸಿಯಾಗದಿದ್ದರೆ: ಜೈವಿಕ ಡ್ರೆಸ್ಸಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಶಿವಮೊಗ್ಗಕ್ಕೆ ಡ್ರೆಸ್ಸಿಂಗ್‌ಗೆ ಬರುವ ಬಾಣಂತಿಯರು, ಅವರ ಅಮ್ಮಂದಿರು, ಅತ್ತೆಯಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೆಲವು ಫೋನಿನಲ್ಲಿ ಬಂದವು, ಕೆಲವು ವಾಟ್ಸಾಪ್‌ನಲ್ಲಿ. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಎಲ್ಲರೂ ಮೊದಲು ಕೇಳುವುದು "ಇದಕ್ಕೆ ಏನು ಹಾಕಬೇಕು?" ಅಂತ. ಅದಕ್ಕೂ ಮುಂಚೆ "ಇದು ಯಾಕೆ ವಾಸಿಯಾಗ್ತಿಲ್ಲ?" ಅಂತ ಕೇಳಿ. ಕಾರಣ ಗೊತ್ತಾಗದೆ ಎಷ್ಟು ಒಳ್ಳೆಯ ಜೈವಿಕ ಡ್ರೆಸ್ಸಿಂಗ್ (ಪ್ರಾಣಿ, ಮೀನು ಅಥವಾ ಮನುಷ್ಯರ ದೇಹದಿಂದ ಬಂದ ವಸ್ತುವಿನ ಪದರ) ತಂದು ಮುಚ್ಚಿದರೂ ದುಡ್ಡು ದಂಡ. ಇಲ್ಲಿರುವ ಉತ್ತರ ಓದಿಕೊಂಡು ಮನೆಯಲ್ಲೇ ಉಳಿಯಬೇಡಿ. ಗಾಯವನ್ನು ಕಣ್ಣಾರೆ ನೋಡಿದ ಡಾಕ್ಟರ್ ಹೇಳುವುದೇ ಕೊನೆಯ ಮಾತು.

## ಮೊದಲು ಗಾಯದ ವಿಷಯ

"ಹೊಲಿಗೆ ತೆಗೆದು ಹತ್ತು ದಿನ ಆಯ್ತು ಸಿಸ್ಟರ್, ಒಂದು ಮೂಲೇಲಿ ಇನ್ನೂ ನೀರು ಒಸರುತ್ತೆ. ಇದು ಮಾಮೂಲಾ?"

ಮಾಮೂಲಲ್ಲ, ತೋರಿಸಬೇಕು. ಹಾಗಂತ ಹೆದರುವಂಥದ್ದೂ ಅಲ್ಲ.

ಸರಿಯಾಗಿ ಹೊಲಿದ ಗಾಯದ ಮೇಲ್ಚರ್ಮ ಎರಡು ದಿನದೊಳಗೆ ಅಂಟಿಕೊಳ್ಳುತ್ತದೆ. ವಾರ, ಹತ್ತು ದಿನಕ್ಕೆ ಅಂಚುಗಳು ಕೂಡಿಕೊಂಡು ಹಿಡಿತ ಬರುತ್ತದೆ. ಒಳಗಿನ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ. ಮೂರು ತಿಂಗಳಾದರೂ ಆ ಜಾಗಕ್ಕೆ ಮೊದಲಿನ ಗಟ್ಟಿತನದ ನೂರಕ್ಕೆ ಸುಮಾರು 80 ಭಾಗ ಅಷ್ಟೇ ಬಂದಿರುತ್ತದೆ.

ಹತ್ತು ದಿನದ ಮೇಲೂ ಒಸರುತ್ತಿದ್ದರೆ ಹೆಚ್ಚಿನ ಸಲ ಚರ್ಮದ ಕೆಳಗಿನ ಕೊಬ್ಬಿನ ಪದರದಲ್ಲಿ ನೀರೋ ರಕ್ತವೋ ನಿಂತಿರುತ್ತದೆ. ಡಾಕ್ಟರ್ ಶುದ್ಧ ಹತ್ತಿಯ ಕಡ್ಡಿ ಇಳಿಸಿ ಆಳ ನೋಡುತ್ತಾರೆ. ಕೊಬ್ಬಿನ ಕೆಳಗೆ ಹೊಟ್ಟೆಯನ್ನು ಬಿಗಿಯಾಗಿ ಹಿಡಿದಿಡುವ ಬಿಳಿ ಪದರವೊಂದಿದೆ. ಅದು ಗಟ್ಟಿಯಾಗಿದೆಯಾ ಅನ್ನುವುದೇ ಆಗ ತಿಳಿಯಬೇಕಾದ್ದು. ಅದು ಗಟ್ಟಿಯಿದ್ದರೆ ಉಳಿದದ್ದಕ್ಕೆ ಸಮಯವಿದೆ.

"ನಮ್ಮ ಅಕ್ಕಂಗೆ ವಾರದಲ್ಲಿ ಒಣಗಿತು. ನಂಗ್ಯಾಕೆ ಒಣಗ್ತಿಲ್ಲ?"

ಒಂದೇ ಕಾರಣ ಇರುವುದು ಕಡಿಮೆ. ಗರ್ಭಿಣಿಯಾಗಿದ್ದಾಗ ಶುಗರ್ ಇತ್ತಾ? ರಕ್ತ ಕಡಿಮೆ ಇತ್ತಾ? ನೀರು ಒಡೆದು ತುಂಬ ಹೊತ್ತು ನೋವು ತಿಂದ ಮೇಲೆ ತುರ್ತಾಗಿ ಆಪರೇಷನ್ ಆಯಿತಾ? ಹೊಟ್ಟೆಯ ಕೊಬ್ಬು ದಪ್ಪ ಇದೆಯಾ? ಹೊಲಿಗೆಯ ಕೆಳಗೆ ರಕ್ತ ಹೆಪ್ಪುಗಟ್ಟಿತ್ತಾ? ಇವೆಲ್ಲವೂ ಗಾಯವನ್ನು ನಿಧಾನ ಮಾಡುತ್ತವೆ.

ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳದ ಕಾರಣ ಇನ್ನೊಂದಿದೆ. ಊಟವಾದ ಮೇಲೆ ಬಾಣಂತಿಗೆ ಎಲೆಅಡಿಕೆ ಕೊಡುವ ರೂಢಿ ಇದೆಯಲ್ಲ, ಅದರ ಜೊತೆ ಹೊಗೆಸೊಪ್ಪು ಹಾಕುವವರಿದ್ದಾರೆ. ಹೊಗೆಸೊಪ್ಪಿನ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಗಾಯಕ್ಕೆ ರಕ್ತ ಕಡಿಮೆ ಹೋಗುತ್ತದೆ, ನಿಕೋಟಿನ್ ಹಾಲಿನ ಮೂಲಕ ಮಗುವಿಗೂ ಹೋಗುತ್ತದೆ. ಡಾಕ್ಟರ್ ಕೇಳಿದಾಗ ನಾಚಿಕೆ ಪಡದೆ ಹೇಳಿ.

"ಯಾವಾಗ ರಾತ್ರೋರಾತ್ರಿ ಹೊರಡಬೇಕು?"

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಕೀವು ಅಥವಾ ಕೆಟ್ಟ ವಾಸನೆ ಇದ್ದರೆ, ಗಾಯದ ಸುತ್ತ ಕೆಂಪು ಹಬ್ಬುತ್ತಾ ಹೋದರೆ ಅವತ್ತೇ ತೋರಿಸಿ. ಗಾಯ ನೋಡಿದರೆ ಸಣ್ಣದು, ನೋವು ಮಾತ್ರ ತಡೆಯಲಾಗದಷ್ಟು ಅಂದರೆ ಕಾಯಬೇಡಿ. ಚರ್ಮ ನೇರಳೆಗೋ ಕಪ್ಪಿಗೋ ತಿರುಗುತ್ತಿದ್ದರೂ ಅಷ್ಟೇ. ಹರಡುತ್ತಾ ಹೋಗುವ ಸೋಂಕು ಹೀಗೆ ಶುರುವಾಗುತ್ತದೆ, ಅದರಲ್ಲಿ ಗಂಟೆಗಳ ಲೆಕ್ಕ.

ಕೆಮ್ಮಿದಾಗಲೋ ಎದ್ದಾಗಲೋ ಒಮ್ಮೆಗೇ ತೆಳು ಗುಲಾಬಿ ನೀರು ಧಾರಾಳವಾಗಿ ಹರಿದು ಸೀರೆ ಒದ್ದೆಯಾಯಿತು ಅಂದರೆ ಒಳಗಿನ ಬಿಗಿ ಪದರ ಬಿಚ್ಚಿರಬಹುದು. ಮಲಗಿಸಿ, ಶುದ್ಧವಾದ ಒದ್ದೆ ಬಟ್ಟೆ ಮುಚ್ಚಿ, 108ಕ್ಕೆ ಫೋನ್ ಮಾಡಿ. ಆಗುಂಬೆ, ಹುಲಿಕಲ್ ಕಡೆ ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟುವುದು ಎಲ್ಲರಿಗೂ ಗೊತ್ತು. ಅಲ್ಲಿಯವರು ಬೆಳಗಾಗಲಿ ಅಂತ ಕಾಯುವುದಕ್ಕಿಂತ ಅನುಮಾನ ಬಂದಾಗಲೇ ಹೊರಡುವುದು ಒಳ್ಳೆಯದು.

## ಜೈವಿಕ ಡ್ರೆಸ್ಸಿಂಗ್ ಅಂದರೆ

"ಬರೀ ಗಾಜ್ ಬಟ್ಟೆಗೂ ಇದಕ್ಕೂ ಏನು ವ್ಯತ್ಯಾಸ? ಗಾಳಿಗೆ ಬಿಟ್ಟರೆ ಬೇಗ ಒಣಗಲ್ವಾ?"

ತೆರೆದ ಗಾಯವನ್ನು ಗಾಳಿಗೆ ಬಿಟ್ಟರೆ ಮೇಲೆ ಗಟ್ಟಿ ಹಕ್ಕಳೆ ಕಟ್ಟುತ್ತದೆ. ಹೊಸ ಚರ್ಮ ಅದರ ಅಡಿಯಲ್ಲಿ ದಾರಿ ಮಾಡಿಕೊಂಡು ಬರಬೇಕು. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲೆ ಇದನ್ನು ಪರೀಕ್ಷಿಸಿದರು. ತೆಳು ಹಾಳೆ ಮುಚ್ಚಿ ತೇವ ಉಳಿಸಿದ ಗಾಯಕ್ಕೆ ಚರ್ಮ ಸುಮಾರು ಎರಡು ಪಟ್ಟು ವೇಗವಾಗಿ ಬಂತು. ಇವತ್ತಿನ ಡ್ರೆಸ್ಸಿಂಗ್ ಶಾಸ್ತ್ರ ಶುರುವಾಗಿದ್ದೇ ಅಲ್ಲಿಂದ. ಅತಿ ಒಣಗಲೂ ಬಾರದು, ಒದ್ದೆಯಾಗಿ ನೆನೆಯಲೂ ಬಾರದು.

ಗಾಜ್ ಬಟ್ಟೆ ಒಸರಿದ್ದನ್ನು ಹೀರುತ್ತದೆ, ಅಷ್ಟೇ. ಒಣಗಿದರೆ ಹೊಸ ಮಾಂಸಕ್ಕೆ ಅಂಟಿ, ತೆಗೆಯುವಾಗ ಅದನ್ನೂ ಕಿತ್ತುಕೊಂಡು ಬರುತ್ತದೆ. ಜೈವಿಕ ಡ್ರೆಸ್ಸಿಂಗ್ ಜೀವಿಯ ದೇಹದಿಂದ ಬಂದ ವಸ್ತುವಿನದು: ಪ್ರಾಣಿಯ ಕೊಲಾಜನ್ (ಚರ್ಮ, ನಾರುಗಳನ್ನು ಗಟ್ಟಿಯಾಗಿ ಹಿಡಿದಿಡುವ ಪ್ರೋಟೀನ್), ಮೀನಿನ ಚರ್ಮ, ದಾನವಾಗಿ ಬಂದ ಮನುಷ್ಯರ ಚರ್ಮ, ಗರ್ಭದಲ್ಲಿ ಮಗುವನ್ನು ಸುತ್ತಿಕೊಂಡಿರುವ ತೆಳು ಪೊರೆ. ಕಾಳುಮೆಣಸಿನ ಬಳ್ಳಿ ಅಡಿಕೆ ಮರ ಹಿಡಿದು ಹತ್ತುವ ಹಾಗೆ ನಮ್ಮ ಜೀವಕೋಶಗಳು ಈ ಪದರ ಹಿಡಿದು ಬೆಳೆಯುತ್ತವೆ. ಕೆಲಸ ಮುಗಿದ ಮೇಲೆ ಕೊಲಾಜನ್ ತಾನೇ ಕರಗುತ್ತದೆ, ಇಲ್ಲವೇ ಒಣಗಿ ಉದುರುತ್ತದೆ.

"ಕೊಲಾಜನ್ ಶೀಟ್ ಹಾಕ್ತೀವಿ ಅಂದಿದ್ದಾರೆ. ಏನು ಮಾಡ್ತಾರೆ? ನೋವಾಗುತ್ತಾ?"

ಹಾಕುವಾಗ ನೋವು ಕಡಿಮೆ. ಅದಕ್ಕೂ ಮೊದಲು ಗಾಯ ಶುದ್ಧ ಮಾಡುವಾಗ ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ. ನೋವಿನ ಮಾತ್ರೆ ಮುಂಚೆಯೇ ಕೊಡಿ ಅಂತ ಕೇಳಿ.

ಗಾಯದ ತಳದಲ್ಲಿ ಹಳದಿ ಪೊರೆ, ಸತ್ತ ಕೊಬ್ಬು, ಸಡಿಲವಾದ ಹೊಲಿಗೆಯ ದಾರ ಇದ್ದರೆ ಮೊದಲು ತೆಗೆಯುತ್ತಾರೆ. ತಳ ಕೆಂಪಗೆ, ಸಣ್ಣ ಸಣ್ಣ ಕಾಳಿನಂತೆ ಕಾಣುವವರೆಗೆ ಹಾಳೆ ಹಾಕುವುದಿಲ್ಲ. ಈ ಶುದ್ಧ ಮಾಡುವ ಕೆಲಸವೇ ಕೆಲವೊಮ್ಮೆ ದಿನಗಟ್ಟಲೆ ಹಿಡಿಯುತ್ತದೆ. "ಶೀಟ್ ತಂದಿಟ್ಟಿದ್ದೇವೆ, ಇನ್ನೂ ಹಾಕ್ತಿಲ್ಲ" ಅಂತ ಮನೆಯವರು ಸಿಟ್ಟಾಗುವುದು ಆಗಲೇ. ಆದರೆ ಕೀವಿನ ಮೇಲೆ ಹಾಳೆ ಮುಚ್ಚಿದರೆ ಕೀವು ಒಳಗೇ ಉಳಿಯುತ್ತದೆ, ಹಾಳೆಯೂ ಕರಗಿ ಹೋಗುತ್ತದೆ.

ಒದ್ದೆ ಹಾಳೆ ಚೀಲದೊಳಗೆ ಸ್ಪಿರಿಟ್‌ನಂಥ ದ್ರವದಲ್ಲಿ ಇರುತ್ತದೆ. ಅದನ್ನು ಸಲೈನ್‌ನಲ್ಲಿ ಚೆನ್ನಾಗಿ ತೊಳೆಯುತ್ತಾರೆ, ಇಲ್ಲದಿದ್ದರೆ ಉರಿಯುತ್ತದೆ. ಗಾಯದ ಅಳತೆಗೆ ಕತ್ತರಿಸಿ ಹಾಸಿ, ಅಡಿಯಲ್ಲಿ ಗಾಳಿಯ ಗುಳ್ಳೆ ಉಳಿಯದಂತೆ ಬೆರಳಿನಿಂದ ಮೆಲ್ಲಗೆ ಒತ್ತುತ್ತಾರೆ. ಗಾಯ ಆಳವಿದ್ದರೆ ಹಾಳೆಗೆ ಬದಲು ಕೊಲಾಜನ್ ಪುಡಿ ತುಂಬುತ್ತಾರೆ. ಮೇಲೆ ಗಾಜ್, ಪ್ಯಾಡ್. ಆಮೇಲೆ ಹಾಳೆಯನ್ನು ಎಳೆಯಬಾರದು. ಅಂಚು ಒಣಗಿ ಮೇಲೆದ್ದರೆ ಅಷ್ಟನ್ನೇ ಕತ್ತರಿಸುತ್ತಾರೆ. ಅಡಿಯಲ್ಲಿ ನೀರು ತುಂಬಿ ಉಬ್ಬಿದರೆ ಅಥವಾ ವಾಸನೆ ಬಂದರೆ ಮುಂದಿನ ತಾರೀಖಿನವರೆಗೆ ಕಾಯದೆ ಹೋಗಿ.

"ಅದು ದನದ್ದಾ, ಹಂದಿದಾ? ನಮ್ಮಲ್ಲಿ ಆಗಲ್ಲ."

ಕೇಳಬೇಕಾದ ಪ್ರಶ್ನೆಯೇ, ಹಿಂಜರಿಯಬೇಡಿ. ಮಾರುಕಟ್ಟೆಯಲ್ಲಿರುವ ಬಹಳಷ್ಟು ಕೊಲಾಜನ್ ದನದ ಚರ್ಮ ಅಥವಾ ಸ್ನಾಯುವಿನ ನಾರಿನಿಂದ ಬಂದದ್ದು. ಹಂದಿಯದ್ದೂ ಇದೆ, ಮೀನಿನದ್ದೂ ಇದೆ. ಐಸ್‌ಲ್ಯಾಂಡ್‌ನವರು ಕಾಡ್ ಮೀನಿನ ಚರ್ಮದಿಂದ ಡ್ರೆಸ್ಸಿಂಗ್ ಮಾಡುತ್ತಾರೆ. ಬ್ರೆಜಿಲ್‌ನಲ್ಲಿ ತಿಲಾಪಿಯಾ ಮೀನಿನ ಚರ್ಮವನ್ನು ಸುಟ್ಟ ಗಾಯಕ್ಕೆ ಬಳಸಿದ್ದಾರೆ. ಯಾವುದರಿಂದ ಮಾಡಿದ್ದು ಅನ್ನುವುದನ್ನು ಪೊಟ್ಟಣ ನೋಡಿ ಮೊದಲೇ ಕೇಳಿ ತಿಳಿದುಕೊಳ್ಳಿ. ಬೇಡ ಅನ್ನುವುದು ನಿಮ್ಮ ಹಕ್ಕು. ಪ್ರಾಣಿಯ ವಸ್ತು ಇಲ್ಲದ ಒಳ್ಳೆಯ ಡ್ರೆಸ್ಸಿಂಗ್‌ಗಳಿವೆ, ಕಡಲಪಾಚಿಯಿಂದ ಮಾಡಿದ ಆಲ್ಜಿನೇಟ್ ಅಂಥದ್ದು.

ಅಲರ್ಜಿಯ ವಿಷಯವನ್ನೂ ಆಗಲೇ ಹೇಳಿ. ಮೀನು ತಿಂದರೆ ಮೈಯೆಲ್ಲ ದದ್ದು ಏಳುವವರಿಗೆ ಮೀನಿನ ಪದರ ಬೇಡ.

"ಮಾಸಿನ ಪೊರೆ ಗಾಯಕ್ಕೆ ಹಾಕ್ತಾರಂತೆ, ನಿಜಾನಾ? ಹಾಗಾದ್ರೆ ನಮ್ಮದೇ ತೆಗೆದಿಡಬಹುದಲ್ವಾ?"

ನಿಜ. ಹೊಸದೂ ಅಲ್ಲ. 1910ರಲ್ಲೇ ಅಮೆರಿಕದಲ್ಲಿ ಈ ಪೊರೆಯನ್ನು ಚರ್ಮಕ್ಕೆ ಬದಲಾಗಿ ಬಳಸಿದ್ದರು. ಮಗುವಿನ ನೀರುಚೀಲದ ಅತ್ಯಂತ ಒಳಗಿನ ಪದರ ಇದು. ನೋಡಲು ಪಾರದರ್ಶಕ. ಅದರಲ್ಲಿ ರಕ್ತನಾಳವಿಲ್ಲ, ನರವಿಲ್ಲ. ಹಾಗಾಗಿ ಬೇರೆಯವರ ದೇಹ ಇದನ್ನು ಅಷ್ಟಾಗಿ ತಿರಸ್ಕರಿಸುವುದಿಲ್ಲ. ಉರಿಯೂತ ತಗ್ಗಿಸುವ, ಚರ್ಮ ಬೆಳೆಯಲು ನೆರವಾಗುವ ಅಂಶಗಳೂ ಇವೆ. ಸುಟ್ಟ ಗಾಯಕ್ಕೆ, ಕಣ್ಣಿನ ಮೇಲ್ಪದರದ ಚಿಕಿತ್ಸೆಗೆ ಬಹಳ ಬಳಕೆಯಲ್ಲಿದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಅಂಗಾಂಶ ಬ್ಯಾಂಕ್ 1988ರಿಂದ ಇಂಥ ಪದರಗಳನ್ನು ಗಾಮಾ ಕಿರಣದಿಂದ ಶುದ್ಧಗೊಳಿಸಿ ಕೊಡುತ್ತಾ ಬಂದಿದೆ.

ನಿಮ್ಮದನ್ನೇ ತೆಗೆದಿಡುವುದು ಮಾತ್ರ ಆಗದು. ದಾನಿಯ ರಕ್ತದಲ್ಲಿ ಎಚ್‌ಐವಿ, ಕಾಮಾಲೆ ಬಿ ಮತ್ತು ಸಿ, ಸಿಫಿಲಿಸ್ ಇಲ್ಲವೆಂದು ಖಚಿತ ಮಾಡಿಕೊಂಡು, ಪೊರೆಯನ್ನು ಬಿಡಿಸಿ, ತೊಳೆದು, ಒಣಗಿಸಿಯೋ ಹೆಪ್ಪುಗಟ್ಟಿಸಿಯೋ ಇಡಬೇಕು. ಮನೆಯ ಫ್ರಿಜ್ಜಿನಲ್ಲಿ ಆಗುವ ಕೆಲಸವಲ್ಲ ಇದು. ಹೆರಿಗೆಯ ಹೊತ್ತಿಗೆ ಸೋಂಕು ಇದ್ದವರ ಪೊರೆಯಲ್ಲೇ ಸೋಂಕು ಇರುತ್ತದೆ, ಗಾಯ ಕೆಡುವುದೂ ಹೆಚ್ಚಾಗಿ ಅವರದ್ದೇ.

"ಮನೇಲೇ ಪೆಟ್ಟಿಗೆ ಜೇನು ಇದೆ, ಅಪ್ಪಟ ತುಡುವೆ. ಹಚ್ಚಲಾ?"

ಮಲೆನಾಡಿನಲ್ಲಿ ಈ ಪ್ರಶ್ನೆ ಬರದ ದಿನವೇ ಇಲ್ಲ. ಜೇನಿನ ಬಗ್ಗೆ ನನಗೆ ಗೌರವವಿದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಜೇನು ಗಾಯಕ್ಕೆ ಕೆಲಸ ಮಾಡುತ್ತದೆ. ಅದರ ಸಕ್ಕರೆ ಗಾಯದಿಂದ ನೀರನ್ನು ಎಳೆದು ರೋಗಾಣುಗಳನ್ನು ಒಣಗಿಸುತ್ತದೆ. ಹುಳಿಗುಣ ಇದೆ. ಸ್ವಲ್ಪ ಸ್ವಲ್ಪವೇ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. 1991ರಲ್ಲಿ ನಮ್ಮ ಪಕ್ಕದ ಸೊಲ್ಲಾಪುರದಿಂದಲೇ ಸುಟ್ಟ ಗಾಯಕ್ಕೆ ಜೇನು ಹಾಕಿದ ಅಧ್ಯಯನವೊಂದು ಬ್ರಿಟನ್ನಿನ ಶಸ್ತ್ರಚಿಕಿತ್ಸೆಯ ಪತ್ರಿಕೆಯಲ್ಲಿ ಬಂತು. ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು 1999ರದು. ಸಿಸೇರಿಯನ್ ಅಥವಾ ಗರ್ಭಕೋಶ ತೆಗೆದ ಆಪರೇಷನ್ ಆಗಿ ಗಾಯಕ್ಕೆ ಸೋಂಕು ತಗುಲಿದ್ದ 50 ಮಹಿಳೆಯರಲ್ಲಿ ಒಂದು ಗುಂಪಿಗೆ ಜೇನು, ಇನ್ನೊಂದಕ್ಕೆ ಸ್ಪಿರಿಟ್ ಮತ್ತು ಅಯೋಡಿನ್ ಹಾಕಿದರು. ಜೇನಿನ ಗುಂಪಿನವರು ಸುಮಾರು 11 ದಿನಕ್ಕೆ ವಾಸಿಯಾದರು, ಉಳಿದವರಿಗೆ 22 ದಿನ ಹಿಡಿಯಿತು. ಚಿಕ್ಕ ಅಧ್ಯಯನ ಹೌದು, ಆದರೆ ನಮ್ಮ ಬಾಣಂತಿಯರಂಥವರದ್ದೇ.

ಹಾಗಾದರೆ ಪೆಟ್ಟಿಗೆಯ ಜೇನು ಯಾಕೆ ಬೇಡ? ಮಣ್ಣಿನಲ್ಲಿರುವ ಕೆಲವು ರೋಗಾಣುಗಳ ಬೀಜಕಗಳು ಜೇನಿನಲ್ಲಿ ಸಾಯದೆ ಉಳಿಯುತ್ತವೆ. ಬೊಟುಲಿಸಂ ಎಂಬ, ನರಗಳ ಶಕ್ತಿ ಕುಂದಿಸುವ ಅಪಾಯದ ಕಾಯಿಲೆ ತರುವುದು ಅಂಥದ್ದೇ. ಔಷಧಿ ಅಂಗಡಿಯ ವೈದ್ಯಕೀಯ ಜೇನನ್ನು ಗಾಮಾ ಕಿರಣದಿಂದ ಶುದ್ಧ ಮಾಡಿರುತ್ತಾರೆ. ಕಾಯಿಸಿ ಶುದ್ಧ ಮಾಡುತ್ತೇನೆ ಅಂದರೆ ಆಗುವುದಿಲ್ಲ: ಬೀಜಕ ಉಳಿಯುತ್ತದೆ, ಜೇನಿನ ಗುಣ ಹೋಗುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಜೇನು ನೀರಾಗಿ ಹುಳಿಯುವುದೂ ಇದೆ.

ಇನ್ನೊಂದು ಮಾತು. ಗಾಯಕ್ಕೆ ಜೇನು ಹಚ್ಚಿದ ಕೈ ತೊಳೆಯದೆ ಮಗುವಿನ ಬಾಯಿಗೆ ಬೆರಳು ಕೊಡಬೇಡಿ. ಹುಟ್ಟಿದ ಮಗುವಿಗೆ ಜೇನು ನೆಕ್ಕಿಸುವ ರೂಢಿಯನ್ನು ದಯವಿಟ್ಟು ಬಿಡಿ. ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನು ಬೇಡವೇ ಬೇಡ.

## ಬಾಣಂತನ ಮತ್ತು ಗಾಯ

"ಎಣ್ಣೆ ಹಚ್ಚಿ ಬಿಸಿನೀರು ಎರೆಯಬಹುದಾ? ಅಮ್ಮ ಬಿಡಲ್ಲ."

ಮೈ, ಕೈ, ಕಾಲು, ಬೆನ್ನಿಗೆ ಎಣ್ಣೆ ಹಚ್ಚಲಿ, ನೋವು ಇಳಿಯುತ್ತದೆ. ಗಾಯ ಪೂರ್ತಿ ಕೂಡಿಕೊಂಡಿದ್ದರೆ ಸ್ನಾನಕ್ಕೂ ತೊಂದರೆ ಇಲ್ಲ. ಗಾಯ ತೆರೆದಿದ್ದರೆ ಅಥವಾ ಮೇಲೆ ಹಾಳೆ ಇದ್ದರೆ ಹೊಟ್ಟೆಯ ಮೇಲೆ ಚೊಂಬಿನಿಂದ ಎತ್ತರಿಸಿ ಹಂಡೆಯ ಸುಡುನೀರು ಹೊಯ್ಯುವುದು ಬೇಡ. ಕುಳಿತುಕೊಂಡು, ಹೊಟ್ಟೆಯ ಭಾಗ ಬಿಟ್ಟು, ಉಳಿದ ಮೈಗೆ ಹದವಾದ ನೀರು ಹಾಕಿಕೊಳ್ಳಿ. ಹಾಳೆ ನೆನೆದರೆ ಜಾರಿ ಬರುತ್ತದೆ. ತೋಟದ ಅಬ್ಬಿಯಿಂದ ಪೈಪಿನಲ್ಲಿ ಬರುವ ನೀರು ಎಷ್ಟೇ ತಿಳಿಯಾಗಿದ್ದರೂ ತೆರೆದ ಗಾಯಕ್ಕೆ ಸೋಕಿಸಬೇಡಿ.

ಹೊಟ್ಟೆಗೆ ಬಟ್ಟೆ ಬಿಗಿಯುವ ಬಗ್ಗೆ ಬಹಳ ಕೇಳುತ್ತೀರಿ. ಕೆಮ್ಮುವಾಗ, ಏಳುವಾಗ ಆಸರೆಗೆ ಸಡಿಲವಾಗಿ ಕಟ್ಟಿದರೆ ಹಿತ. ಉಸಿರು ಕಟ್ಟುವಷ್ಟು ಬಿಗಿದರೆ ಗಾಯ ಬೆವರಿ ಮೆತ್ತಗಾಗುತ್ತದೆ.

"ಅರಿಶಿನ, ಮುಟ್ಟಿದರೆ ಮುನಿ ಸೊಪ್ಪಿನ ರಸ, ಬಾಳೆಎಲೆ?"

ತೆರೆದ ಆಪರೇಷನ್ ಗಾಯದೊಳಗೆ ಅರಿಶಿನ ಪುಡಿ, ಸೊಪ್ಪಿನ ರಸ ಎರಡೂ ಬೇಡ. ಪುಡಿಯನ್ನು ತೊಳೆದು ತೆಗೆಯುವಷ್ಟರಲ್ಲಿ ಹೊಸ ಮಾಂಸವೂ ಹೋಗುತ್ತದೆ, ಗಾಯದ ಬಣ್ಣ ನೋಡಿ ಹೇಳಲೂ ಆಗುವುದಿಲ್ಲ. ಬಾಳೆಎಲೆ, ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯನ್ನು ಮುಂಬೈನಲ್ಲಿ ವೈದ್ಯರೇ ಸುಟ್ಟ ಗಾಯಕ್ಕೆ ಬಳಸಿದ್ದಾರೆ, ಅಂಟುವುದಿಲ್ಲ ಅಂತ. ಆದರೆ ಅವರು ಅದನ್ನು ಆಸ್ಪತ್ರೆಯಲ್ಲಿ ಶುದ್ಧ ಮಾಡಿ, ಚರ್ಮದ ಮೇಲ್ಭಾಗದ ಗಾಯಕ್ಕೆ ಹಾಕಿದ್ದು. ತೋಟದಿಂದ ಕೊಯ್ದು ತಂದ ಎಲೆ ಬೇರೆ, ಅದು ಬೇರೆ.

"ನಂಜಿನ ಪದಾರ್ಥ ತಿಂದ್ರೆ ಕೀವಾಗುತ್ತೆ ಅಂತಾರಲ್ಲ?"

ನಂಜು ಅಂತ ಮನೆಯವರು ಬದನೆಕಾಯಿ, ಕುಂಬಳಕಾಯಿ, ಶೇಂಗಾ, ಮೀನು, ಮೊಟ್ಟೆ ಎಲ್ಲ ಬಂದ್ ಮಾಡುತ್ತಾರೆ. ಕೊಡುವುದು ಅನ್ನ, ಕಾಳುಮೆಣಸಿನ ಸಾರು, ತುಪ್ಪ ಅಷ್ಟೇ. ಹೀಗೆ ತಿಂಗಳು ಕಳೆದ ಬಾಣಂತಿಯ ಗಾಯ ನೋಡಿದರೆ ಗೊತ್ತಾಗುತ್ತದೆ: ತಳ ತಿಳಿ ಗುಲಾಬಿ, ಕೆಂಪೇ ಇಲ್ಲ. ಯಾವ ತರಕಾರಿಯೂ ಕೀವು ಮಾಡುವುದಿಲ್ಲ. ಕೀವು ರೋಗಾಣುವಿನಿಂದ.

ಹೊಸ ಮಾಂಸ ಕಟ್ಟಲು ಪ್ರೋಟೀನ್ ಬೇಕು, ಹಾಲು ಬರಲೂ ಅದೇ ಬೇಕು. ತೊವ್ವೆ, ಮೊಳಕೆಕಾಳು, ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು. ನೆಲ್ಲಿಕಾಯಿ, ಕಿತ್ತಳೆ, ಹರಿವೆ ಸೊಪ್ಪು. ಬಾಯಾರಿದಷ್ಟು ನೀರು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಹೆರಿಗೆಯಾಗಿ ಆರು ತಿಂಗಳು ತಿನ್ನಬೇಕು. ಅತ್ತೆಯವರಿಗೆ ಒಪ್ಪಿಸುವುದು ಕಷ್ಟ ಅಂತ ಗೊತ್ತು. ಡ್ರೆಸ್ಸಿಂಗ್‌ಗೆ ಬರುವಾಗ ಅವರನ್ನೂ ಕರೆದುಕೊಂಡು ಬನ್ನಿ, ಗಾಯ ತೋರಿಸಿ ನಾವೇ ಹೇಳುತ್ತೇವೆ. ಶುಗರ್ ಇರುವವರು ಹಲಸಿನ ಹಣ್ಣು, ಬೆಲ್ಲದ ಅಂಟಿನುಂಡೆ ವಿಷಯದಲ್ಲಿ ಮಾತ್ರ ಹಿಡಿತವಿರಲಿ.

"ಮಳೆಗಾಲದಲ್ಲಿ ಬಟ್ಟೆನೇ ಒಣಗಲ್ಲ, ಗಾಯ ಹೇಗೆ ಒಣಗುತ್ತೆ?"

ಗಾಯಕ್ಕೆ ಮಳೆಗಾಲದಿಂದ ಕೇಡಿಲ್ಲ, ಹಸಿ ಬಟ್ಟೆಯಿಂದ ಇದೆ. ಅರೆ ಒಣಗಿದ ಲಂಗ ಉಡಬೇಡಿ. ಇಸ್ತ್ರಿ ಹಾಕಿ ತೇವ ತೆಗೆಯಿರಿ. ಲಂಗದ ಲಾಡಿ ಸರಿಯಾಗಿ ಹೊಲಿಗೆಯ ಮೇಲೇ ಉಜ್ಜುತ್ತದೆ, ಅದರ ಬದಲು ನೈಟಿ ಹಾಕಿಕೊಳ್ಳಿ. ಹೊಟ್ಟೆಯ ಮಡಿಕೆ ಗಾಯದ ಮೇಲೆ ಬೀಳುತ್ತಿದ್ದರೆ ದಿನಕ್ಕೆ ಕೆಲವು ಸಲ ಮಲಗಿ, ಮಡಿಕೆ ಎತ್ತಿ, ಸುತ್ತಲಿನ ಚರ್ಮವನ್ನು ಒಣ ಬಟ್ಟೆಯಿಂದ ಒತ್ತಿ ಒರೆಸಿ. ಸಾಂಬ್ರಾಣಿ ಹೊಗೆ ಗಾಯವನ್ನು ಒಣಗಿಸುವುದಿಲ್ಲ, ಮಗುವಿನ ಉಸಿರಿಗೆ ತೊಂದರೆ ಕೊಡುತ್ತದೆ.

"ಇದೆಲ್ಲ ಹಾಕಿಸಿಕೊಂಡರೆ ಮಗುವಿಗೆ ಹಾಲು ಕೊಡಬಹುದಾ?"

ಕೊಡಬಹುದು. ಕೊಲಾಜನ್, ಪೊರೆ, ವೈದ್ಯಕೀಯ ಜೇನು ಯಾವುದೂ ಹಾಲಿಗೆ ಅಡ್ಡಿಯಲ್ಲ. ಜಾಗ್ರತೆ ಬೇಕಾದ್ದು ಅಯೋಡಿನ್ ಬಗ್ಗೆ: ದೊಡ್ಡ ತೆರೆದ ಗಾಯಕ್ಕೆ ಬಹಳ ದಿನ ಹಾಕಿದರೆ ಅದು ಹಾಲಿಗೆ ಇಳಿದು ಮಗುವಿನ ಥೈರಾಯ್ಡ್ ಮೇಲೆ ಪರಿಣಾಮ ಬೀರಬಹುದು. ಹಾಲು ಕೊಡುತ್ತಿದ್ದೇನೆ ಅಂತ ಡ್ರೆಸ್ಸಿಂಗ್ ಮಾಡುವವರಿಗೆ ನೆನಪಿಸಿ. ಮಗು ಒದ್ದು ನೋವಾಗುತ್ತಿದ್ದರೆ ಪಕ್ಕಕ್ಕೆ ಮಲಗಿ ಕೊಡಿ, ಅಥವಾ ಮಗುವಿನ ಕಾಲು ನಿಮ್ಮ ಕಂಕುಳ ಕಡೆ ಬರುವ ಹಾಗೆ ಹಿಡಿದುಕೊಳ್ಳಿ.

## ಇನ್ನೂ ವಾಸಿಯಾಗದಿದ್ದಾಗ

"ಶೀಟ್ ಹಾಕಿದರೂ ಒಂದು ತೂತಿನಿಂದ ಬರ್ತಾನೇ ಇದೆ. ಆಂಟಿಬಯೋಟಿಕ್ ಎಲ್ಲ ಆಯ್ತು."

ಇಲ್ಲಿ ಹಾಳೆ ಬದಲಿಸುವುದಲ್ಲ, ಪರೀಕ್ಷೆ ಬೇಕು. ಒಳಗೆ ಕರಗದ ದಾರ ಉಳಿದಿರಬಹುದು. ಸ್ಕ್ಯಾನ್ ಮಾಡಿದರೆ ನಿಂತ ಕೀವು ಕಾಣಬಹುದು. ಇನ್ನೊಂದು ಸಾಧ್ಯತೆ ಬಹಳ ಸಲ ತಪ್ಪಿಹೋಗುತ್ತದೆ. ಕ್ಷಯದ ಜಾತಿಗೇ ಸೇರಿದ, ನೀರು ಮತ್ತು ಮಣ್ಣಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಆಪರೇಷನ್ ಗಾಯಕ್ಕೆ ಸೇರಿಕೊಂಡು, ವಾರಗಳಾದ ಮೇಲೆ ಸಣ್ಣ ಗಂಟು, ಸಣ್ಣ ತೂತು ಮಾಡುತ್ತವೆ. ಜ್ವರ ಇರುವುದಿಲ್ಲ. ಮಾಮೂಲಿ ಕಲ್ಚರ್‌ನಲ್ಲಿ (ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) "ಏನೂ ಬೆಳೆದಿಲ್ಲ" ಅಂತ ಬರುತ್ತದೆ. ಮಾಮೂಲಿ ಆಂಟಿಬಯೋಟಿಕ್‌ಗೂ ಬಗ್ಗುವುದಿಲ್ಲ. ಆದ್ದರಿಂದ ತಿಂಗಳು ಮೀರಿದ ಗಾಯಕ್ಕೆ "ಕ್ಷಯದ ಜಾತಿಯ ಪರೀಕ್ಷೆ ಮಾಡಿಸಬೇಕಾ?" ಅಂತ ನೀವೇ ಕೇಳಿ. ಗಾಯದ ಚೂರು ಮಾಂಸವನ್ನು ಕಳಿಸಿದರೆ ಹತ್ತಿಯಲ್ಲಿ ಒರೆಸಿ ಕಳಿಸಿದ್ದಕ್ಕಿಂತ ಉತ್ತರ ಸಿಗುವುದು ಜಾಸ್ತಿ.

"ಹಾಳೆ ಬೇಡ, ಮತ್ತೆ ಹೊಲಿತೀವಿ ಅಂತಿದ್ದಾರೆ. ಇಲ್ಲಾ ವ್ಯಾಕ್ಯೂಮ್ ಮಿಷನ್ ಅಂತಾರೆ. ಯಾವುದು ಸರಿ?"

ಗಾಯ ಶುದ್ಧವಾಗಿ, ತಳ ಕೆಂಪಾಗಿದ್ದರೆ ಮತ್ತೆ ಹೊಲಿಯುವುದೇ ಎಷ್ಟೋ ಸಲ ಎಲ್ಲಕ್ಕಿಂತ ಬೇಗದ ದಾರಿ. ತಾನಾಗಿ ತುಂಬಲಿ ಅಂತ ಬಿಟ್ಟರೆ ಹಿಡಿಯುವ ವಾರಗಳು ಅದರಲ್ಲಿ ಉಳಿಯುತ್ತವೆ. "ಮತ್ತೆ ಹೊಲಿಗೆಯಾ!" ಅಂತ ಅಳು ಬರುವುದು ಸಹಜ. ಆದರೂ ನನ್ನ ಒಲವು ಅದರ ಕಡೆಗೇ. ಆಳವಾಗಿ, ತುಂಬ ಒಸರುವ ಗಾಯಕ್ಕೆ ವ್ಯಾಕ್ಯೂಮ್ ಒಳ್ಳೆಯದು. ಅದು ನೀರನ್ನು ಹೀರಿ ಅಂಚುಗಳನ್ನು ಹತ್ತಿರ ತರುತ್ತದೆ. ಜೈವಿಕ ಹಾಳೆ ಹೊಂದುವುದು ಶುದ್ಧವಾಗಿ, ಅಷ್ಟೇನೂ ಆಳವಿಲ್ಲದೆ, ಚರ್ಮ ಮಾತ್ರ ಬರಲು ತಡವಾಗುತ್ತಿರುವ ಗಾಯಕ್ಕೆ. ಈ ಹಾಳೆಗಳ ಬಗ್ಗೆ ಇರುವ ಸಾಕ್ಷ್ಯ ಹೆಚ್ಚಿನದು ಸುಟ್ಟ ಗಾಯ ಮತ್ತು ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣಿನಿಂದ ಬಂದದ್ದು. ಸಿಸೇರಿಯನ್ ಗಾಯದ ಮೇಲೆ ನಡೆದ ಅಧ್ಯಯನ ಕಡಿಮೆ. ಯಾರಾದರೂ ಇದು ಗ್ಯಾರಂಟಿ ಅಂದರೆ ನಂಬಬೇಡಿ.

"ನಂದು ನಾರ್ಮಲ್ ಹೆರಿಗೆ, ಕೆಳಗಿನ ಹೊಲಿಗೆ ಬಿಟ್ಟಿದೆ. ಅಲ್ಲಿಗೂ ಹಾಕ್ತಾರಾ?"

ಸಾಮಾನ್ಯವಾಗಿ ಇಲ್ಲ. ಆ ಜಾಗದಲ್ಲಿ ಹಾಳೆ ನಿಲ್ಲುವುದಿಲ್ಲ. ರಕ್ತ ಓಡಾಟ ಚೆನ್ನಾಗಿರುವುದರಿಂದ ಬೇಗ ತುಂಬಿಕೊಳ್ಳುತ್ತದೆ. ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರುವುದು, ಮುಂದಿನಿಂದ ಹಿಂದಕ್ಕೆ ತೊಳೆಯುವುದು, ಪ್ಯಾಡ್ ಬೇಗ ಬದಲಿಸುವುದು, ಮಲಬದ್ಧತೆ ಆಗದಂತೆ ನೋಡಿಕೊಳ್ಳುವುದು ಸಾಕು. ಗಾಳಿ ಅಥವಾ ಮಲ ತಡೆಯಲು ಆಗುತ್ತಿಲ್ಲ ಅಂದರೆ ಸಂಕೋಚ ಬಿಟ್ಟು ಹೇಳಿ, ಅದಕ್ಕೆ ಚಿಕಿತ್ಸೆ ಇದೆ.

"ಖರ್ಚು ಎಷ್ಟು? ಎಲ್ಲಿಗೆ ಹೋಗಬೇಕು?"

ಕೊಲಾಜನ್ ಹಾಳೆಯ ಬೆಲೆ ಅಳತೆಯ ಮೇಲೆ ಹೋಗುತ್ತದೆ. ಗಾಯ ಅಳೆಯುವ ಮೊದಲೇ ದೊಡ್ಡದು ಕೊಳ್ಳಬೇಡಿ. ಒಡೆದ ಪೊಟ್ಟಣ ಮತ್ತೆ ಬಳಕೆಗೆ ಬರುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಗೆ 42 ದಿನದವರೆಗೆ ಚಿಕಿತ್ಸೆ, ಔಷಧಿ ಉಚಿತವಾಗಿ ಸಿಗಬೇಕು. ಇದು 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಸೌಲಭ್ಯ. ಗಾಯದ ತೊಂದರೆಯೂ ಅದರಲ್ಲೇ ಬರುತ್ತದೆ. ಮೊದಲು ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಬರೆದುಕೊಟ್ಟರೆ ಶಿವಮೊಗ್ಗದ ಮೆಗ್ಗಾನ್. ಮನೆಗೆ ಬರುವ ಆಶಾ ಕಾರ್ಯಕರ್ತೆ ಮಗುವನ್ನು ನೋಡುವಾಗ ನಿಮ್ಮ ಗಾಯವನ್ನೂ ತೋರಿಸಿ. ಬರೀ ವಿಚಾರಿಸಲು 104 ಇದೆ.

"ಮುಂದಿನ ಮಗುವಿಗೆ ತೊಂದರೆ ಆಗುತ್ತಾ?"

ಚರ್ಮ, ಕೊಬ್ಬಿನ ಗಾಯ ತಡವಾಗಿ ವಾಸಿಯಾದ ಮಾತ್ರಕ್ಕೆ ಗರ್ಭಕೋಶದ ಹೊಲಿಗೆ ದುರ್ಬಲ ಅಂತಲ್ಲ, ಅವು ಬೇರೆ ಬೇರೆ ಪದರ. ಗರ್ಭಕೋಶಕ್ಕೇ ಸೋಂಕಾಗಿತ್ತು ಅಂದರೆ ಮಾತ್ರ ಮಾತು ಬೇರೆ. ಮುಂದಿನ ಬಸಿರಿಗೆ ಕನಿಷ್ಠ ಎರಡು ವರ್ಷ ಅಂತರ ಇರಲಿ. ಡಿಸ್ಚಾರ್ಜ್ ಚೀಟಿ, ಕಲ್ಚರ್ ರಿಪೋರ್ಟ್, ಯಾವ ಹಾಳೆ ಹಾಕಿದ್ದರು ಅನ್ನುವ ಪೊಟ್ಟಣದ ಲೇಬಲ್, ಇಷ್ಟನ್ನೂ ತಾಯಿ ಕಾರ್ಡಿನ ಜೊತೆ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಿ. ಮುಂದಿನ ಸಲ ಆಪರೇಷನ್ ಆದರೆ ಅದನ್ನು ಡಾಕ್ಟರ್‌ಗೆ ಮುಂಚೆಯೇ ಕೊಡಬೇಕು.